ಬಾಡಿಗೆಯ ಗೋಡೆ, ಸ್ವಂತದ ಗಾಡಿ

ಊರು ಬಿಟ್ಟು ಪರಸ್ಥಳದಲ್ಲಿ ಸಂಸಾರ ಹೂಡಿದವರು ಮೊದಲು ಕಲಿಯುವ ಪಾಠವೆಂದರೆ ಗೋಡೆಗೆ ಮೊಳೆ ಹೊಡೆಯಬಾರದೆಂಬುದು. ಹನ್ನೊಂದು ತಿಂಗಳ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗಲೇ ಮನೆಯ ಮಾಲಿಕರು ಈ ಮಾತನ್ನು ಎರಡು ಸಲ ಹೇಳಿಬಿಡುತ್ತಾರೆ. ಗೋಡೆಯ ಹಳದಿ ನಮಗೆ ಹಿಡಿಸದಿದ್ದರೆ ನಮ್ಮ ಕಣ್ಣನ್ನು ಅದಕ್ಕೆ ಒಗ್ಗಿಸಿಕೊಳ್ಳಬೇಕೇ ಹೊರತು ಗೋಡೆಯನ್ನು ನಮ್ಮ ಕಣ್ಣಿಗೆ ಒಗ್ಗಿಸುವಂತಿಲ್ಲ. ಹೀಗಿರುವಲ್ಲಿ ಮುಂಬಯಿಯಂಥ ಊರಿನಲ್ಲಿ ನಮ್ಮಂಥ ಗುಮಾಸ್ತನೊಬ್ಬನು ಹೇಗೋ ಉಳಿಸಿ, ಕಂತು ಕಟ್ಟಿ, ಎರಡನೆಯ ಕೈಯ ಒಂದು ಪುಟ್ಟ ಕಾರು ಕೊಂಡನೆಂದರೆ, ಮನಸ್ಸಿಗೆ ಬಂದ ಬಣ್ಣ ಬಳಿಯಬಹುದಾದ ಸ್ವಂತದ ಗೋಡೆ ಅವನಿಗೆ ಅದೊಂದೇ.

ಆದ್ದರಿಂದಲೇ ಇರಬೇಕು, ನಮ್ಮ ಸಂಘದ ರಾಜ್ಯೋತ್ಸವ ಕೂಟದ ದಿನ ಹೊರಗೆ ಸಾಲುಗಟ್ಟಿ ನಿಲ್ಲುವ ಗಾಡಿಗಳನ್ನು ನೋಡುವುದೇ ಒಂದು ಸಂತೋಷ. ಒಬ್ಬರ ಗಾಜಿನ ಮೇಲೆ ಕುಲದೇವರ ಹೆಸರು, ಇನ್ನೊಬ್ಬರ ಕನ್ನಡಿಯ ಕೆಳಗೆ ಹಳದಿ ಕೆಂಪಿನ ಪುಟ್ಟ ಬಾವುಟ, ಮತ್ತೊಬ್ಬರ ಆಸನಕ್ಕೆ ಇಳಕಲ್ಲಿನ ಅಂಚಿನ ಹೊದಿಕೆ. ಇಷ್ಟಕ್ಕೇ ನಿಲ್ಲದೆ, ಮುಂದೆ ಕಬ್ಬಿಣದ ಕಟಕಟೆ, ಹಿಂದೆ ರೆಕ್ಕೆಯಂಥ ಹಲಗೆ, ಅಗಲವಾದ ಚಕ್ರ, ಗಾಜಿಗೆ ಕಪ್ಪು ಹಾಳೆ ಎಂದು ಮುಂದುವರಿದ ತರುಣರೂ ಇದ್ದಾರೆ. ಗಾಡಿಯನ್ನು ತನ್ನದಾಗಿಸಿಕೊಳ್ಳುವ ಈ ಹಂಬಲ ತಪ್ಪಲ್ಲ. ಆದರೆ ಎಲ್ಲಿಯವರೆಗೆ ನಮ್ಮದು, ಎಲ್ಲಿಂದ ಮುಂದೆ ಕೈಹಾಕಬಾರದು ಎಂಬುದನ್ನು ಕುರಿತು ಈ ಸಲ ನಾಲ್ಕು ಮಾತು ಬರೆಯೋಣವೆಂದು ನಮಗೆ ತೋರಿದೆ.

ಹಂಬಲ ಹೊಸದೇನೂ ಅಲ್ಲ. ಮೋಟಾರು ಹುಟ್ಟಿದ ಕಾಲದಲ್ಲಿ ಅನೇಕ ಕಂಪನಿಗಳು ಎಂಜಿನ್ನು, ಚಕ್ರ ಮತ್ತು ಕೆಳಗಿನ ಚೌಕಟ್ಟನ್ನು ಮಾತ್ರ ಮಾರುತ್ತಿದ್ದವು. ಮೇಲಿನ ಮೈಯನ್ನು ಸಾರೋಟು ಕಟ್ಟುವ ಕುಶಲಿಗರಿಂದ ಬೇಕಾದಂತೆ ಕಟ್ಟಿಸಿಕೊಳ್ಳುವುದು ಶ್ರೀಮಂತರ ಪದ್ಧತಿ. 1910ರಲ್ಲಿ ಕಲ್ಕತ್ತೆಯ ಮ್ಯಾಥ್ಯೂಸನ್ ಎಂಬ ಆಂಗ್ಲ ಸಾಹೇಬರೊಬ್ಬರು ಇಂಗ್ಲೆಂಡಿನ ಬ್ರೂಕ್ ಕಂಪನಿಯಿಂದ ಹಂಸದ ಆಕಾರದ ಕಾರನ್ನೇ ಮಾಡಿಸಿ ತರಿಸಿದರು. ಆ ಹಂಸದ ಕೊಕ್ಕಿನಿಂದ ಬಿಸಿನೀರು ಚಿಮ್ಮುತ್ತಿತ್ತಂತೆ! ಅದು ತರುವಾಯ ನಾಭಾ ಸಂಸ್ಥಾನದ ಮಹಾರಾಜರ ಕೈ ಸೇರಿ, ಈಗ ನೆದರ್ಲೆಂಡ್ಸಿನ ಲೌಮನ್ ಸಂಗ್ರಹಾಲಯದಲ್ಲಿದೆ. ಅಷ್ಟು ದೂರ ಹೋಗಲಾರದವರು ಧರ್ಮಸ್ಥಳಕ್ಕೆ ಹೋದಾಗ ದೇವರ ದರ್ಶನವಾದ ಮೇಲೆ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ನೋಡಿ ಬರಬಹುದು. ಒಂದರ ಮೈಯಂತೆ ಇನ್ನೊಂದರ ಮೈಯಿಲ್ಲ.

ಬಣ್ಣದ ಕಥೆಯೂ ಸ್ವಾರಸ್ಯದ್ದೇ. ಮೊದಮೊದಲು ಕುಂಚದಿಂದ ವಾರ್ನಿಷು ಬಳಿದು ಒಣಗಿಸುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಫೋರ್ಡರ ಪ್ರಸಿದ್ಧವಾದ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣ ಒಂದರಲ್ಲೇ ಹೊರಬರುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಡ್ಯೂಕೋ ಎಂಬ ಬೇಗ ಒಣಗುವ ಹೊಸ ಬಣ್ಣವನ್ನು ತಂದ ಮೇಲೆ ರಸ್ತೆಗಳು ರಂಗೇರಿದವು. ನಮ್ಮ ಬಡಗಿಗಳು ಕಪಾಟಿಗೆ ನುಣುಪಾದ ಬಣ್ಣ ಹೊಡೆಯುವುದನ್ನು ಇಂದಿಗೂ ‘ಡ್ಯೂಕೋ’ ಎನ್ನುತ್ತಾರಲ್ಲವೆ? ಆ ಹೆಸರು ಬಂದದ್ದು ಮೋಟಾರಿನಿಂದ.

ಆದರೆ ಆ ಕಾಲಕ್ಕೂ ಈ ಕಾಲಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಆಗ ಕೆಳಗಿನ ಚೌಕಟ್ಟು ಎಲುಬು, ಮೇಲಿನ ಮೈ ಅಂಗಿ. ಅಂಗಿ ಬಿಚ್ಚಿ ಇನ್ನೊಂದು ತೊಡಿಸಿದರೆ ಎಲುಬಿಗೇನೂ ಆಗುತ್ತಿರಲಿಲ್ಲ. ಇಂದಿನ ಸಣ್ಣ ಕಾರುಗಳಲ್ಲಿ ಪ್ರತ್ಯೇಕ ಚೌಕಟ್ಟಿಲ್ಲ. ನೆಲ, ಕಂಬ, ಮಾಡು, ಬಾಗಿಲ ಕೆಳಗಿನ ಉದ್ದನೆಯ ಹೊಸ್ತಿಲು, ಎಲ್ಲವನ್ನೂ ಬೆಸೆದು ಒಂದೇ ಪೆಟ್ಟಿಗೆಯಾಗಿ ಮಾಡಿರುತ್ತಾರೆ. ಡಿಕ್ಕಿಯಾದಾಗ ಯಾವ ಭಾಗ ಮಡಚಿಕೊಂಡು ಪೆಟ್ಟನ್ನು ನುಂಗಬೇಕು, ಯಾವ ಭಾಗ ಮಡಚದೆ ಒಳಗಿನವರನ್ನು ಕಾಯಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಇಲ್ಲಿ ಅಂಗಿ ಎಂದುಕೊಂಡು ಕತ್ತರಿ ಆಡಿಸಿದರೆ ಎಲುಬನ್ನೇ ಕತ್ತರಿಸಿದಂತೆ.

ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಬಗ್ಗೆ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟು, ತಯಾರಕರು ಕೊಟ್ಟ ಮೂಲ ರಚನೆಗೆ ವಿರುದ್ಧವಾಗಿ ವಾಹನವನ್ನು ಬದಲಿಸಲಾಗದು ಎಂದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲಿಕನಿಗೆ 5,000 ರೂಪಾಯಿ ದಂಡವಾಗಬಹುದು, ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಗಾಜಿನ ಕಪ್ಪು ಹಾಳೆಯನ್ನು ನ್ಯಾಯಾಲಯ 2012ರಲ್ಲಿಯೇ ಬೇಡವೆಂದಿತು. ಮುಂದಿನ ಕಬ್ಬಿಣದ ಕಟಕಟೆಯನ್ನು ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿ ನಿಷೇಧಿಸಿತು. ಅದು ಪಾದಚಾರಿಯ ಪಾಲಿಗೆ ಘಾತಕ. ಗಾಡಿಯೊಳಗಿನ ಗಾಳಿಚೀಲ ಸಕಾಲಕ್ಕೆ ಬಿಚ್ಚಿಕೊಳ್ಳದಂತೆಯೂ ಮಾಡಬಲ್ಲುದು. ಸಂಖ್ಯಾಫಲಕದಲ್ಲಿ ಕನ್ನಡ ಅಂಕಿ ಬರೆಸೋಣವೆಂಬ ಆಸೆ ನಮ್ಮಲ್ಲಿ ಹಲವರಿಗೆ ಇದೆ. ಆಸೆ ಒಳ್ಳೆಯದೇ, ಆದರೆ ನಿಯಮ ಒಪ್ಪದು. ಕನ್ನಡಕ್ಕೆ ಗಾಡಿಯಲ್ಲಿ ಬೇರೆ ಜಾಗ ಹುಡುಕಬೇಕು.

ಬಣ್ಣ ಬದಲಿಸಬಾರದೇ ಎಂದು ಕೇಳುವಿರಿ. ಬದಲಿಸಬಹುದು. ಆದರೆ ನೋಂದಣಿ ಪತ್ರದಲ್ಲಿ ಗಾಡಿಯ ಬಣ್ಣವನ್ನೂ ಬರೆದಿರುತ್ತಾರೆ. ಪೂರಾ ಬಣ್ಣ ಬದಲಾಗುವುದಾದರೆ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಪಡೆದು ಪತ್ರದಲ್ಲಿ ತಿದ್ದಿಸಬೇಕು, ವಿಮೆಯವರಿಗೂ ತಿಳಿಸಬೇಕು. ನಾವೂ ಕಡತಗಳ ನಡುವೆ ಅನ್ನ ತಿನ್ನುವವರೇ. ಕಾಗದದಲ್ಲಿರುವುದು ಒಂದು, ಕಣ್ಣೆದುರಿಗಿರುವುದು ಇನ್ನೊಂದು ಆದಾಗ ಮೇಜಿನ ಆಚೆ ನಿಂತವನ ಮುಖ ಹೇಗಿರುತ್ತದೆಂಬುದನ್ನು ದಿನವೂ ನೋಡುತ್ತೇವೆ.

ಇನ್ನು ನಮ್ಮ ಸ್ವಂತ ಗಾಡಿಯ ಸಂಗತಿ. ಅದಕ್ಕೆ ಹದಿಮೂರು ವರ್ಷ. ಬಿಳಿ ಬಣ್ಣ ಮಾಸಿ ಹಳೆಯ ಪಂಚೆಯಂತಾಗಿತ್ತು. ಎರಡು ಬಾಗಿಲು ತಗ್ಗು ಬಿದ್ದಿದ್ದವು. ಹುಬ್ಬಳ್ಳಿಯಿಂದ ಬಂದ ನಮ್ಮ ಭಾವನವರು, “ಇದಕ್ಕ ಗಾಡಿ ಅಂತೀರೋ, ಡಬ್ಬಿ ಅಂತೀರೋ?” ಎಂದು ಕೇಳಿ ಹೋದ ಮೇಲೆ ಮನೆಯಲ್ಲಿ ಸಭೆ ಸೇರಿತು. ನಾಲ್ಕನೆಯ ಇಯತ್ತೆಯ ನಮ್ಮ ಮಗಳು ಮೆಣಸಿನಕಾಯಿಯ ಕೆಂಪೇ ಆಗಬೇಕೆಂದಳು. ಬೋನಸ್ಸಿನ ಹಣ ಮತ್ತು ಮನೆಯವರು ಸೀರೆಯ ಮಡಿಕೆಯಲ್ಲಿ ಕೂಡಿಟ್ಟದ್ದು ಸೇರಿ 40,000 ರೂಪಾಯಿ ಈ ಕಾರ್ಯಕ್ಕೆಂದು ತೆಗೆದಿಟ್ಟೆವು.

ಗ್ಯಾರೇಜಿನ ಮೇಸ್ತ್ರಿ ಕಲಬುರಗಿಯ ಕಡೆಯವರು. ಮುಂಬಯಿಗೆ ಬಂದು ಮೂವತ್ತು ವರ್ಷವಾಗಿದೆ. ಅವರು ಬಣ್ಣದ ಪಟ್ಟಿಯನ್ನು ತೆರೆಯಲೇ ಇಲ್ಲ. ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದು ಗಾಡಿಯ ಸುತ್ತ ಅಲ್ಲಲ್ಲಿ ಇಟ್ಟು ನೋಡಿದರು. ಹಿಂದಿನ ಬಾಗಿಲ ಕೆಳಗೆ ಅದು ನಿಲ್ಲದೆ ಜಾರಿ ಬಿತ್ತು. ಹಿಂದಿನ ಮಾಲಿಕರ ಕಾಲದಲ್ಲಿ ಯಾರೋ ಅಲ್ಲಿ ದಪ್ಪಗೆ ಪುಟ್ಟಿ ಮೆತ್ತಿದ್ದರು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಠಣ್ ಎನ್ನುವ ಬದಲು ಒದ್ದೆ ಮಡಕೆಯ ಸದ್ದು. ಮೂತಿಯಿಂದ ಒತ್ತಿದಾಗ ಸೀದಾ ಒಳಗೇ ಇಳಿಯಿತು.

“ಮ್ಯಾಲ ಬಣ್ಣ ಹಚ್ಚೂದು ಸಣ್ಣ ಮಾತರೀ ಸಾಹೇಬ್ರ. ಒಳಗ ತಗಡು ತಿಂದದ,” ಎಂದರು ಮೇಸ್ತ್ರಿ. “ಮತ್ತ ಪುಟ್ಟಿ ತುಂಬಿ ಬಣ್ಣ ಹೊಡದು ಕೊಟ್ಟರ ಎರಡು ವರ್ಷ ನಿಮಗ ಗೊತ್ತೂ ಆಗೂದಿಲ್ಲ. ಮಕ್ಕಳು ಹಿಂದ ಕೂಡ್ತಾರಲ್ಲ, ಅದಕ್ಕ ಹೇಳಿದೆ.”

ಈ ಊರಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಮೊಣಕಾಲುದ್ದ ನಿಲ್ಲುವ ನೀರು ಇವು ಗಾಡಿಗೆ ಹಿಡಿದ ಕ್ಷಯ. ಬಾಗಿಲಿನ ಮತ್ತು ಹೊಸ್ತಿಲಿನ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕೆಸರಿನಿಂದ ಮುಚ್ಚಿದರೆ ನೀರು ಒಳಗೇ ನಿಂತು, ಹೊರಗೆ ಬಣ್ಣ ಥಳಥಳಿಸುತ್ತಿರುವಾಗಲೇ ತಗಡು ಒಳಗಿನಿಂದ ಕರಗುತ್ತದೆ. ಪಕ್ಕದಿಂದ ಪೆಟ್ಟು ಬಿದ್ದರೆ ತಡೆಯಬೇಕಾದದ್ದು ಅದೇ ಹೊಸ್ತಿಲು.

ರಾತ್ರಿ ಮತ್ತೆ ಸಭೆ. ಹೊಸ್ತಿಲು ಕತ್ತರಿಸಿ ಹೊಸ ತಗಡು ಬೆಸೆಯುವುದಕ್ಕೆ ಆಗುವ ವೆಚ್ಚವನ್ನೂ ಇಡೀ ಗಾಡಿಯ ಕೆಂಪು ಬಣ್ಣದ ವೆಚ್ಚವನ್ನೂ ಒಂದೇ ಚೀಟಿಯಲ್ಲಿ ಬರೆದೆವು. ಎರಡೂ ಕೂಡಿ ನಮ್ಮ 40,000ವನ್ನು ಎಷ್ಟೋ ಮೀರಿ ಹೋಯಿತು. ಮನೆಯವರು ಚೀಟಿಯನ್ನು ನೋಡಿ, “ಬಣ್ಣ ಮುಂದಿನ ವರ್ಷ ಆದರೂ ಆದೀತು. ಹೊಸ್ತಿಲು ಮೊದಲು ಆಗಲಿ,” ಎಂದರು. ಮಗಳು ಊಟ ಮಾಡದೆ ಮಲಗಿದಳು. ಮರುದಿನ ಬೆಳಿಗ್ಗೆ ಒಂದು ಒಪ್ಪಂದವಾಯಿತು: ಹೊರಗೆ ಹಳೆಯ ಬಿಳಿಯೇ ಇರಲಿ, ಒಳಗಿನ ಬಣ್ಣವನ್ನು ಅವಳು ಆರಿಸಬೇಕು.

ಹೊರಗಿನ ಕೆಲಸವನ್ನು ನಿಂತು ನೋಡಿದೆವು. ಮೊದಲು ಬ್ಯಾಟರಿಯ ತಂತಿ ಕಳಚಿ, ಆಸನ ಮತ್ತು ನೆಲಹಾಸು ತೆಗೆದಿಟ್ಟು, ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿದರು. ಹೊಸದನ್ನು ಬೆಸೆದು, ಸಂದುಗಳನ್ನು ಮುಚ್ಚಿ, ಒಳಗೆ ತುಕ್ಕು ತಡೆಯುವ ಮೇಣ ಚಿಮುಕಿಸಿದರು. ಬಾಗಿಲುಗಳ ತಗ್ಗನ್ನು ಒಳಗಿನಿಂದ ಬಡಿದೇ ಎತ್ತಿದರು. ಉಳಿದ ಅಣುತಗ್ಗಿಗೆ ಮಾತ್ರ ತೆಳ್ಳಗೆ ಪುಟ್ಟಿ. ಆಮೇಲೆ ಉಪ್ಪುಕಾಗದ, ಪ್ರೈಮರು, ಮತ್ತೆ ನೀರು ಹಾಕಿ ಉಪ್ಪುಕಾಗದ, ಬಣ್ಣ, ಕೊನೆಗೆ ಗಾಜಿನಂಥ ಪಾರದರ್ಶಕ ಲೇಪ. ಹತ್ತರಲ್ಲಿ ಎಂಟು ಪಾಲು ಕೆಲಸ ಉಜ್ಜುವುದೇ, ಬಣ್ಣ ಹಾರಿಸುವುದು ಎರಡು ಪಾಲು. ನೋಡುವವರು ಹೊಗಳುವುದು ಮಾತ್ರ ಆ ಎರಡು ಪಾಲನ್ನು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಗಟ್ಟಿಗೊಳಿಸುವ ದ್ರವವನ್ನು ಬೆರೆಸಿ ಹಾರಿಸುವ ಈಗಿನ ಬಣ್ಣಗಳಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದು ಉಸಿರಿನೊಳಗೆ ಹೋದರೆ ಗೂರಲು ಹಿಡಿಯಬಹುದು. ಒಮ್ಮೆ ಹಿಡಿದರೆ ಸ್ವಲ್ಪವೇ ಸೋಂಕಿದರೂ ಕೆರಳುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯದು. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡ ಬೇಕು. ಗ್ಯಾರೇಜು ಆರಿಸುವಾಗ ಎಷ್ಟು ಅಗ್ಗವೆಂದು ಕೇಳುವ ಮುನ್ನ ಅಲ್ಲಿ ಬಣ್ಣ ಹಾರಿಸುವ ಹುಡುಗನ ಮೂಗಿನ ಮೇಲೆ ಏನಿದೆಯೆಂದು ನೋಡಿರಿ. ನಮ್ಮ ಗಾಡಿಯ ಹೊಳಪಿಗೆ ಒಬ್ಬನ ಶ್ವಾಸಕೋಶ ಬೆಲೆಯಾಗಬಾರದು.

ಇನ್ನು ಒಳಗಿನ ಕೆಲಸ. ಇದಕ್ಕೆ ಮುಂಬಯಿಯ ಟ್ಯಾಕ್ಸಿಯವರೇ ನಮಗೆ ಗುರುಗಳು. ಹೊರಗಿನ ಕಪ್ಪು ಹಳದಿ ಸರಕಾರ ಗೊತ್ತುಮಾಡಿದ್ದು. ಅಲ್ಲಿ ಚಾಲಕನ ಮಾತು ನಡೆಯದು. ಆದ್ದರಿಂದ ಅವನ ರಸಿಕತೆಯೆಲ್ಲ ಒಳಗೆ ಅರಳುತ್ತದೆ. ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಮಾಡಿನ ಕೆಳಗೆ ಹೂಬಳ್ಳಿಯ ಹಾಳೆ ಅಂಟಿಸಿರುತ್ತಿದ್ದುದನ್ನು ತಲೆಯೆತ್ತಿ ನೋಡದ ಮುಂಬಯಿಗ ಯಾರು? 2015ರಲ್ಲಿ ‘ಟ್ಯಾಕ್ಸಿ ಫ್ಯಾಬ್ರಿಕ್’ ಎಂಬ ಹೆಸರಿನಿಂದ ಹೊಸ ಚಿತ್ರಗಾರರು ಅದೇ ಮಾಡು, ಅದೇ ಆಸನಗಳಿಗೆ ಹೊಸ ಚಿತ್ರದ ಬಟ್ಟೆ ಹೊದಿಸಿದರು. ಇಪ್ಪತ್ತು ವರ್ಷದ ವಯೋಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಮರೆಯಾದವು. ಹೊರಗಿನದು ಕೈಯಲ್ಲಿಲ್ಲದಿದ್ದರೆ ಒಳಗಿನದನ್ನು ಚೆನ್ನಾಗಿಟ್ಟುಕೊಳ್ಳಬೇಕೆಂಬ ಪಾಠ ಮಾತ್ರ ಉಳಿದಿದೆ.

ಒಳಭಾಗದ ಪ್ಲಾಸ್ಟಿಕ್ಕಿಗೆ ಬಣ್ಣ ಹಚ್ಚುವುದನ್ನು ಮನೆಯಲ್ಲಿಯೇ ಮಾಡಬಹುದು. ಕ್ರಮ ತಪ್ಪಬಾರದು, ಅಷ್ಟೇ. ಬಾಗಿಲಿನ ಪಟ್ಟಿ, ಗೇರಿನ ಸುತ್ತಲಿನ ಚೌಕಟ್ಟು ಮುಂತಾದ ಬಿಡಿಭಾಗಗಳನ್ನು ಜಾಗ್ರತೆಯಿಂದ ಕಳಚಿ ಬೆನ್ನಿನ ಕಡೆ ನೋಡಿರಿ. ಸಣ್ಣ ಅಕ್ಷರಗಳಲ್ಲಿ ಪ್ಲಾಸ್ಟಿಕ್ಕಿನ ಜಾತಿ ಅಚ್ಚಾಗಿರುತ್ತದೆ. ಎ.ಬಿ.ಎಸ್. ಎಂದಿದ್ದರೆ ಬಣ್ಣ ಸುಲಭವಾಗಿ ಕೂರುತ್ತದೆ. ಪಿ.ಪಿ., ಅಂದರೆ ಪಾಲಿಪ್ರೊಪಿಲೀನ್ ಎಂದಿದ್ದರೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ, ಬಣ್ಣಕ್ಕೂ ಅದಕ್ಕೂ ನಂಟಿಲ್ಲ. ನಂಟು ಬೆಳೆಸುವುದಕ್ಕೆಂದೇ ಪ್ಲಾಸ್ಟಿಕ್ ಪ್ರೈಮರು ಸಿಗುತ್ತದೆ. ಮೊದಲು ಅದನ್ನು ಹಚ್ಚಬೇಕು.

ಎಲ್ಲಕ್ಕಿಂತ ಮುಂಚೆ ತೊಳೆಯುವುದು. ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ಎಣ್ಣೆ ಬಣ್ಣದ ಪರಮ ವೈರಿ. ಸಾಬೂನಿನ ನೀರಿನಿಂದ ಎರಡು ಸಲ ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿರಿ. ಬಳಿಕ 400 ಅಥವಾ 600 ಅಂಕದ ನಯವಾದ ಉಪ್ಪುಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿರಿ. ಮತ್ತೆ ಒರೆಸಿರಿ; ಆಮೇಲೆ ಬರಿಗೈಯಿಂದ ಮುಟ್ಟಬೇಡಿರಿ. ಸ್ಪ್ರೇ ಡಬ್ಬಿಯನ್ನು ಒಂದು ಗೇಣು ದೂರದಲ್ಲಿ ಹಿಡಿದು, ಕೈಯನ್ನು ನಿಲ್ಲಿಸದೆ, ತೆಳ್ಳಗೆ ಮೂರು ನಾಲ್ಕು ಸಲ ಹಾರಿಸಬೇಕು. ಒಂದೇ ಸಲಕ್ಕೆ ಮುಚ್ಚಿಬಿಡುತ್ತೇನೆಂದು ಹೊರಟರೆ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ಮೆತ್ತನೆಯ ರೆಕ್ಸಿನ್ನಿನ ಭಾಗಕ್ಕೆ ಅದರೊಡನೆ ಬಾಗುವ ವಿನೈಲ್ ಬಣ್ಣವೇ ಆಗಬೇಕು. ಕಿಟಕಿಗೆ ಹಚ್ಚಿ ಮಿಕ್ಕಿದ ಡಬ್ಬಿಯ ಬಣ್ಣ ಬಿಸಿಲಿನಲ್ಲಿ ಬಿರಿದುಬಿಡುತ್ತದೆ.

ಕಾಲವನ್ನೂ ನೋಡಬೇಕು. ಮಳೆಗಾಲದ ತೇವದಲ್ಲಿ ಬಣ್ಣ ಹಾರಿಸಿದರೆ ಮೇಲೆ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣಹವೆ ಉತ್ತಮ. ಗಚ್ಚಿಯ ಮೇಲೋ ಅಂಗಳದಲ್ಲೋ ಗಾಳಿಯಾಡುವ ಕಡೆ, ಒಲೆ ದೀಪಗಳಿಂದ ದೂರವಾಗಿ, ಸರಿಯಾದ ಮುಖವಾಡ ಹಾಕಿಕೊಂಡು ಮಾಡಿರಿ. ಮಕ್ಕಳು ಆಗ ಹತ್ತಿರ ಬೇಡ. ಬಣ್ಣ ಆರಿಸುವುದು, ತೊಳೆಯುವುದು, ಉಜ್ಜುವುದು ಅವರ ಪಾಲಿಗಿರಲಿ.

ಒಳಗೂ ಕೆಲವು ಎಡೆಗಳು ಎಲುಬಿನ ಜಾತಿಯವೇ. ಸ್ಟಿಯರಿಂಗಿನ ನಡುವಣ ಮುಚ್ಚಳ, ಎಡಗಡೆಯ ಡ್ಯಾಶ್‌ಬೋರ್ಡಿನ ಮುಚ್ಚಳ, ಗಾಳಿಚೀಲ ಎಂದು ಬರೆದಿರುವ ಯಾವ ಜಾಗಕ್ಕೂ ಬಣ್ಣ ಹಚ್ಚಬಾರದು, ಏನನ್ನೂ ಅಂಟಿಸಬಾರದು. ಆ ಮುಚ್ಚಳ ಗೊತ್ತಾದ ಗೆರೆಯಲ್ಲಿ ಕ್ಷಣಾರ್ಧದಲ್ಲಿ ಬಿರಿಯುವಂತೆ ಮಾಡಿದ್ದಿರುತ್ತದೆ. ಆಸನದ ಪಕ್ಕದಲ್ಲಿ ಗಾಳಿಚೀಲವಿರುವ ಗಾಡಿಗೆ ಬಿಗಿಯಾದ ಹೊದಿಕೆ ಹೊಲಿಸಬಾರದು. ಸುರಕ್ಷಾ ಪಟ್ಟಿಗೆ ಬಣ್ಣ ತಾಗಬಾರದು. ಡ್ಯಾಶ್‌ಬೋರ್ಡಿನ ನೆತ್ತಿಗೆ ಹೊಳಪಿನ ಬಣ್ಣವಾಗಲಿ ತಿಳಿಬಣ್ಣವಾಗಲಿ ಬೇಡ; ಅದರ ನೆರಳು ಮುಂದಿನ ಗಾಜಿನಲ್ಲಿ ಮೂಡಿ ಎದುರಿನ ದಾರಿಯನ್ನೇ ಮರೆಮಾಡುತ್ತದೆ. ಅಲ್ಲಿ ಮಂಕಾದ ಕಪ್ಪು ಬೂದುಗಳೇ ಸರಿ.

ನಮ್ಮ ಮಗಳು ಆರಿಸಿದ್ದು ಕುಂಕುಮದ ಬಣ್ಣ. ನಾಲ್ಕು ಬಾಗಿಲಿನ ಪಟ್ಟಿಗಳಿಗೂ ಗೇರಿನ ಸುತ್ತಿಗೂ ಎರಡು ಭಾನುವಾರ ಹಿಡಿಯಿತು. ತೊಳೆದದ್ದು, ಉಜ್ಜಿದ್ದು ಅವಳೇ. ಮೇಸ್ತ್ರಿಯವರು ಹೊಸ್ತಿಲಿನ ಒಳಮೈಗೂ ಅದೇ ಕುಂಕುಮದ ಒಂದು ಗೆರೆ ಎಳೆಯಿರೆಂದು ಮಿಕ್ಕ ಡಬ್ಬಿಯನ್ನು ಕೇಳಿ ಪಡೆದು, ತಾವೇ ಎಳೆದುಕೊಟ್ಟರು. ಹೊಸ ಹೊಸ್ತಿಲಿಗೆ ಬರಿಯ ಬಿಳಿ ಶೋಭಿಸದೆಂದು ಅವರ ವಾದ. ಅದಕ್ಕೆ ದುಡ್ಡು ಮುಟ್ಟಲಿಲ್ಲ. ಈಗ ಬಾಗಿಲು ತೆರೆದಾಗ ಮಾತ್ರ ಕಾಣುವ ಆ ಗೆರೆಯನ್ನು ಅವಳು ಗೆಳತಿಯರಿಗೆಲ್ಲ ತೋರಿಸಿಯಾಗಿದೆ.

ಗಾಡಿಗೆ ಹೊಸ ರೂಪ ಕೊಡಬೇಕೆಂದಿರುವ ವಾಚಕರಿಗೆ ನಮ್ಮ ಸೂಚನೆ ಇಷ್ಟೇ. ಮೊದಲು ಒಂದು ಅಯಸ್ಕಾಂತ ಕೊಳ್ಳಿರಿ, ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಬಾಗಿಲ ತಳದ ತೂತುಗಳಲ್ಲಿ ತಂತಿ ಆಡಿಸಿರಿ. ಕೈಯಲ್ಲಿರುವ ಹಣ ಮೊದಲು ತಗಡಿಗೆ, ಆಮೇಲೆ ಬಣ್ಣಕ್ಕೆ, ಉಳಿದರೆ ಅಲಂಕಾರಕ್ಕೆ. ಬರುವ ಸಂಚಿಕೆಯ ಹೊತ್ತಿಗೆ ತಮ್ಮಲ್ಲಿ ಯಾರಾದರೂ ಇಂಥ ಕೆಲಸ ಮಾಡಿಸಿದ್ದರೆ ಬರೆದು ತಿಳಿಸಿರಿ. ವೆಚ್ಚದ ಚೀಟಿಯನ್ನೂ ಜೊತೆಗಿಟ್ಟರೆ ಇತರರಿಗೆ ಉಪಕಾರವಾದೀತು. ಹುಬ್ಬಳ್ಳಿಯ ಭಾವನವರಿಗೂ ಈ ಸಂಚಿಕೆಯ ಒಂದು ಪ್ರತಿಯನ್ನು ಟಪಾಲಿನಲ್ಲಿ ಕಳುಹಿಸುತ್ತಿದ್ದೇವೆ.